ಎಡಗಡೆ ಸೀಟಿನ ಪಿಳ್ಳಪ್ಪನವರು

ನಮ್ಮ ಸೊಸೆ ಕಾರು ಓಡಿಸುವಾಗ ಪಕ್ಕದ ಸೀಟಿನಲ್ಲಿ ಕೂತ ನಾನು ಎರಡೂ ಕಾಲಿನಿಂದ ನೆಲವನ್ನು ಒತ್ತುತ್ತಿರುತ್ತೇನಂತೆ. ‘ಅಂತೆ’ ಯಾಕೆಂದರೆ ನನಗೆ ಅದು ಗೊತ್ತಾಗುವುದಿಲ್ಲ. ಕಾಲ ಕೆಳಗಿನ ರಬ್ಬರ್ ಮ್ಯಾಟು ನನ್ನ ಕಡೆ ಮಾತ್ರ ಸವೆದು ತೂತಾದಾಗ ಸೊಸೆ ಅದನ್ನು ಎತ್ತಿ ತೋರಿಸಿ, “ಅತ್ತೆ, ನನ್ನ ಡ್ರೈವಿಂಗ್ ಮೇಲೆ ನಿಮಗೆ ನಂಬಿಕೆ ಇಲ್ವಾ?” ಎಂದಳು. ನಂಬಿಕೆಯ ಪ್ರಶ್ನೆ ಅಲ್ಲಮ್ಮ ಎಂದೆ. ಕಾರಿನಲ್ಲಷ್ಟೇ ಅಲ್ಲ, ಮೊನ್ನೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಾಗಲೂ ಹಾಗೇ ಒತ್ತಿದೆನಂತೆ. ಅವರು ಕೈಯಲ್ಲಿದ್ದ ಯಂತ್ರ ನಿಲ್ಲಿಸಿ, “ನೋಯ್ತಿದೆಯಾ ಅಮ್ಮ?” ಎಂದರು. “ಇಲ್ಲಪ್ಪ, ನೀವು ಸ್ವಲ್ಪ ಜೋರಾಗಿ ಬರ್ತಿದ್ರಿ” ಎಂದೆ.

ನಗಬೇಡಿ. ಇದು ಕಾಯಿಲೆಯಲ್ಲ, ವಿದ್ಯೆ. ಗುರುಮುಖೇನ ಬಂದದ್ದು. ಗುರುಗಳ ಹೆಸರು ಪಿಳ್ಳಪ್ಪ. ಹೆಬ್ಬಾಳದ ಹಳೇ ಊರಿನವರು. ‘ಶ್ರೀ ಗರುಡಗಮನ ಮೋಟಾರ್ ಡ್ರೈವಿಂಗ್ ಸ್ಕೂಲ್’ ಎಂಬ ಸಂಸ್ಥೆಯ ಮಾಲೀಕರು, ಪ್ರಿನ್ಸಿಪಾಲರು, ಒಬ್ಬರೇ ಮೇಷ್ಟ್ರು. ಸಂಸ್ಥೆ ಎಂದರೆ ಬಳ್ಳಾರಿ ರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೆ ಇಂಥ ಬಣ್ಣವೆಂದು ಹೇಳಲಾಗದ ಒಂದು ಅಂಬಾಸಡರ್ ಕಾರು, ಶೆಡ್ಡಿನ ಮೇಲೊಂದು ಬೋರ್ಡು. ಬೋರ್ಡು ಬರೆದವನು ಗರುಡನನ್ನು ಯಾವತ್ತೂ ನೋಡಿರಲಿಲ್ಲವೆಂದು ಕಾಣುತ್ತದೆ. ಚಿತ್ರದಲ್ಲಿದ್ದದ್ದು ಕೊಬ್ಬಿದ ಕೋಳಿ. ಅದರ ಕಾಲಲ್ಲಿ ಸ್ಟೀರಿಂಗು. ಊರವರು ಸ್ಕೂಲನ್ನು ‘ಕೋಳಿ ಕಾರು’ ಎಂದೇ ಕರೆಯುತ್ತಿದ್ದರು.

ನಾವು ಗದುಗಿನ ಕಡೆಯಿಂದ ಬಂದು ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಹಿಡಿದದ್ದು ಎಪ್ಪತ್ತರ ದಶಕದಲ್ಲಿ. ಆಗ ಅಲ್ಲಿ ಮನೆಗಿಂತ ಖಾಲಿ ಸೈಟು ಹೆಚ್ಚು, ಸೈಟಿಗಿಂತ ಕಾಂಗ್ರೆಸ್ ಹುಲ್ಲು ಹೆಚ್ಚು. ನಮ್ಮವರು ಯಶವಂತಪುರದಾಚೆಯ ಒಂದು ಫ್ಯಾಕ್ಟರಿಯಲ್ಲಿ ಇಂಜಿನಿಯರು, ನಾನು ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಸ್ನೇಹಿತರು ಬುಕ್ ಮಾಡಿದರೆಂದು ನಮ್ಮವರೂ ಒಂದು ಫಿಯೆಟ್ ಬುಕ್ ಮಾಡಿ ಬಂದರು. ಆ ಕಾಲದಲ್ಲಿ ಕಾರು ಬುಕ್ ಮಾಡುವುದೆಂದರೆ ತೆಂಗಿನ ಸಸಿ ನೆಟ್ಟ ಹಾಗೆ, ಫಲ ಮುಂದಿನವರಿಗೆ. ಆದರೆ ನಮ್ಮವರಿಗೆ ಆ ರಾತ್ರಿಯಿಂದಲೇ ನಿದ್ದೆ ಹೋಯಿತು.

“ಕಾರ್ ಬಂದ ದಿನಾ ಯಾರರ ಓಡಸಬೇಕಲ್ಲ?” ಎಂದರು. “ನನಗಂತೂ ಧೈರ್ಯ ಇಲ್ಲ. ನೀ ಕಲತಬಿಡು. ದೂರ, ಕಾಲ, ವೇಗ ಅಂತ ದಿನಾ ಬೋರ್ಡಿನ ಮ್ಯಾಲೆ ಬರೀತಿ. ಎಲ್ಲಾ ನಿನಗ ಗೊತ್ತದ.”

ಹೀಗೆ ಇನ್ನೂ ಹುಟ್ಟದ ಕಾರಿಗೆ ಡ್ರೈವರಾಗಲು ನಾನು ಕೋಳಿ ಕಾರಿನ ಬಾಗಿಲಿಗೆ ಹೋದೆ.

ಪಿಳ್ಳಪ್ಪನವರು ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲು ಹಾಕಿಕೊಂಡು ಎಡಗಡೆ ಸೀಟಿನಲ್ಲಿ ದೇವರ ಹಾಗೆ ಕೂತಿರುತ್ತಿದ್ದರು. ಅವರ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು. ಕಲಿಯುವವರು ತಪ್ಪು ಮಾಡಿದರೆ ಒತ್ತಲಿಕ್ಕೆ. ನಾನು ಎಷ್ಟೇ ಅಡ್ಡಾದಿಡ್ಡಿ ಓಡಿಸಿದರೂ ಅವರು ಬೈದವರಲ್ಲ. ಹೋಗಿ ಗುದ್ದುವುದಕ್ಕೆ ಒಂದು ಗೇಣು ಇರುವಾಗ ಅವರ ಬರಿಗಾಲು ಕೆಳಗಿಳಿಯುತ್ತಿತ್ತು, ಕಾರು ಹಾಲಿನಲ್ಲಿ ಸಕ್ಕರೆ ಕರಗಿದಂತೆ ನಿಲ್ಲುತ್ತಿತ್ತು.

ನಮ್ಮಿಬ್ಬರ ನಡುವೆ ಇದ್ದ ತೊಂದರೆ ಭಾಷೆಯದು. ಅವರದು ‘ಹ’ಕಾರವಿಲ್ಲದ ಕನ್ನಡ, ನನ್ನದು ಗದುಗಿನ ಕನ್ನಡ. ಎರಡನೇ ದಿನವೋ ಮೂರನೇ ದಿನವೋ ಗಂಗಾನಗರದ ತಿರುವಿನಲ್ಲಿ ಅವರು ಇದ್ದಕ್ಕಿದ್ದಂತೆ, “ಅಸು! ಮೇಡಮ್ಮೋರೆ, ಅಸು! ಅಸು!” ಎಂದು ಕೂಗಿದರು. ನಮ್ಮ ಕಡೆ ಹಸುವಿಗೆ ಆಕಳು ಅನ್ನುತ್ತಾರೆ. ಅಸು ಎಂಬ ಮಾತನ್ನು ನಾನು ಕಂಡದ್ದು ಪೇಪರಿನಲ್ಲಿ, ‘ಅಸು ನೀಗಿದರು’ ಎನ್ನುವಲ್ಲಿ ಮಾತ್ರ. ಮೇಷ್ಟ್ರಿಗೆ ಪ್ರಾಣ ಹೋಗುತ್ತಿದೆ ಎಂದು ಗಾಬರಿಯಾಗಿ ಸ್ಟೀರಿಂಗು ಬಿಟ್ಟು ಅವರ ಎದೆ ನೀವಲು ತಿರುಗಿದೆ. ಕಾರು ನಿಂತಾಗ ಬಾನೆಟ್ಟಿನ ಮೇಲೆ ಒಂದು ಕಂದು ಬಣ್ಣದ ಹಸು ಗದ್ದ ಊರಿಕೊಂಡು ನಮ್ಮಿಬ್ಬರನ್ನೂ ನೋಡುತ್ತಿತ್ತು.

“ಎದೆ ಯಾಕ್ ತಿಕ್ತಿದ್ದೀರಾ ಮೇಡಮ್ಮೋರೆ?” ಎಂದು ಪಿಳ್ಳಪ್ಪನವರು ಸಂಕೋಚದಿಂದ ಕೇಳಿದರು.

ಅವರ ಸ್ಕೂಲಿಗೆ ಒಂದು ವಿಚಿತ್ರ ಕ್ರಮವಿತ್ತು. ಬೆಳಗಿನ ಮೊದಲ ಶಿಷ್ಯ ಶೆಡ್ಡಿಗೆ ಬಂದು ಕಾರು ತೆಗೆಯಬೇಕು. ಕಲಿಯುತ್ತಾ ಕಲಿಯುತ್ತಾ ಎರಡನೆಯವರ ಮನೆ ಮುಂದೆ ನಿಲ್ಲಿಸಬೇಕು. ಎರಡನೆಯವರು ಅವನನ್ನು ಬಸ್ ಸ್ಟಾಪಿಗೆ ಬಿಟ್ಟು ಮೂರನೆಯವರ ಮನೆಗೆ. ಹೀಗೆ ಮದುವೆ ಮನೆಯ ತಾಂಬೂಲದ ತಟ್ಟೆಯಂತೆ ಪಿಳ್ಳಪ್ಪನವರು ಕೈಯಿಂದ ಕೈಗೆ ಹೋಗಿ ಸಂಜೆ ಶೆಡ್ಡು ಸೇರುತ್ತಿದ್ದರು. ಮಧ್ಯೆ ಯಾರಾದರೂ ಒಬ್ಬರು ಕೈಕೊಟ್ಟರೆ ಮೇಷ್ಟ್ರು ಅಲ್ಲೇ ಬಾಕಿ. ಒಮ್ಮೆ ನನ್ನ ನಂತರದ ಸರದಿಯ ಸಂಜಯನಗರದ ಶಿಷ್ಯ ಜ್ವರವೆಂದು ಮಲಗಿದ್ದ. ಪಿಳ್ಳಪ್ಪನವರು ನಮ್ಮ ಮನೆಗೆ ಬಂದವರು ಹೋಗಲೇ ಇಲ್ಲ. ಕಾಫಿ ಕುಡಿದರು. ನಾನು ಕಾಲೇಜಿಗೆ ಹೋಗಿ ಪಾಠ ಮಾಡಿ ಬರುವ ಹೊತ್ತಿಗೆ ನಮ್ಮತ್ತೆಯ ಜೊತೆ ಜಗಲಿಯಲ್ಲಿ ಕೂತು ಬುಟ್ಟಿ ತುಂಬ ಅವರೆಕಾಳು ಸುಲಿದಿಟ್ಟಿದ್ದರು.

“ಎಷ್ಟ ಸರಳ ಮನಷಾ ನೋಡ” ಎಂದು ಅತ್ತೆ ಮೆಚ್ಚಿಕೊಂಡರು. “ಸ್ವಂತ ಕಾರ್ ಅದ, ಸೊಕ್ಕಿಲ್ಲ. ಮುಂಜಾನಿಂದ ಕೂತಾರ, ಒಂದ ಸಲನೂ ಗಡಬಡ ಮಾಡಲಿಲ್ಲ.”

ಗಡಬಡ ಯಾಕೆ ಮಾಡಲಿಲ್ಲವೆಂದು ನನಗೆ ಗೊತ್ತಾದದ್ದು ಜೇನುಹುಳದಿಂದ.

ಅವತ್ತು ಹೆಬ್ಬಾಳದ ಕೆರೆ ಪಕ್ಕದಲ್ಲಿ ಹೋಗುತ್ತಿದ್ದೆವು. ಕಿಟಕಿಯಿಂದ ಒಳಬಂದ ಹುಳ ನನ್ನ ಬಲಗಣ್ಣಿನ ರೆಪ್ಪೆಗೇ ಕುಟುಕಿತು. ಕಣ್ಣು ಬೋಂಡದಷ್ಟು ಊದಿತು. ಅದರ ಉರಿಗೆ ಇನ್ನೊಂದು ಕಣ್ಣೂ ನೀರು ಸುರಿಸುತ್ತಾ ಮುಚ್ಚಿಕೊಂಡಿತು. ಆ ರಸ್ತೆಯಲ್ಲಿ ಆಗ ಆಟೋ ಸಿಗುವುದೆಂದರೆ ಲಾಟರಿ ಹೊಡೆದಂತೆ.

“ನನಗೇನೂ ಕಾಣವಲ್ದು. ನೀವು ಈ ಕಡೆ ಬಂದು ಓಡಿಸ್ರಿ, ಡಾಕ್ಟರ ಕಡೆ ಹೋಗೋಣು” ಎಂದೆ.

ಪಿಳ್ಳಪ್ಪನವರು ಟವೆಲಿನ ತುದಿಯಿಂದ ನನ್ನ ಕಣ್ಣಿಗೆ ಗಾಳಿ ಹಾಕಿದರು. ಆಮೇಲೆ, “ಕಣ್ಣು ಕಾಣ್ದಿದ್ರೆ ಏನಂತೆ ಮೇಡಮ್ಮೋರೆ. ನೀವೇ ಓಡ್ಸಿ. ನಾನು ಏಳ್ತೀನಿ” ಎಂದರು.

“ಕಣ್ಣ ಮುಚ್ಚಿಕೊಂಡು ಕಾರ್ ಓಡಸೂದಾ?”

“ಕಣ್ ನನ್ದು, ಕೈ ನನ್ದು. ಕ್ಲಚ್ಚು, ಬ್ರೇಕು ನನ್ದು. ನೀವು ಬಲಗಾಲ್ನಾಗೆ ಒಸಿ ಒತ್ತೋದು, ನಾನು ಸಾಕು ಅಂದಾಗ ಬಿಡೋದು. ಅಷ್ಟೇಯ.”

“ಅದರ ಬದಲಿ ನೀವ ಈ ಕಡೆ ಕೂತರ ಏನಾಗತದ್ರಿ?”

ಮೇಷ್ಟ್ರು ಬಹಳ ತಗ್ಗಿದ ದನಿಯಲ್ಲಿ ಹೇಳಿದರು: “ಆ ಕಡೆ ಕುಂತ್ರೆ ನಂಗೆ ಬರಾಕಿಲ್ಲ ಮೇಡಮ್ಮೋರೆ. ನಂಗೆ ಕಾರು ಓಡ್ಸಾಕೇ ಬರಾಕಿಲ್ಲ.”

ಆ ಉರಿಯಲ್ಲೂ ನನಗೆ ನಗು ಬಂತು. ನಕ್ಕರೆ ಕಣ್ಣು ಇನ್ನಷ್ಟು ಉರಿಯುತ್ತಿತ್ತು. ಬೇರೆ ದಾರಿಯಿರಲಿಲ್ಲ, ಹೊರಟೆವು. ಅವರು ಪಕ್ಕದಿಂದ ಕೈ ಚಾಚಿ ಸ್ಟೀರಿಂಗು ಹಿಡಿದರು. “ಒತ್ತಿ... ಒಸಿ ಒತ್ತಿ... ಸಾಕು. ಎಮ್ಮೆ ಬತ್ತಾ ಐತೆ... ಓಯ್ತು. ಈಗ ಒತ್ತಿ.” ಹೀಗೆ ಒಬ್ಬ ಕುರುಡಿ ಮತ್ತು ಒಬ್ಬ ಡ್ರೈವಿಂಗ್ ಬಾರದ ಡ್ರೈವಿಂಗ್ ಮೇಷ್ಟ್ರು ಸೇರಿ ಬಳ್ಳಾರಿ ರಸ್ತೆಯಲ್ಲಿ ಒಂದು ಕಾರನ್ನು ನಡೆಸಿಕೊಂಡು ಬಂದೆವು. ಎದುರಿಗೆ ಬಂದವರು ಏನಂದುಕೊಂಡರೋ ನಾನು ನೋಡಲಿಲ್ಲ, ನೋಡುವ ಸ್ಥಿತಿಯಲ್ಲಿರಲಿಲ್ಲ. ಗಂಗಾನಗರದ ಡಾಕ್ಟರು ಮಾತ್ರ ಕಿಟಕಿಯಿಂದ ನೋಡಿದ್ದರಂತೆ. ಮುಳ್ಳು ತೆಗೆಯುತ್ತಾ, “ಇಷ್ಟು ನೀಟಾಗಿ ಪಾರ್ಕ್ ಮಾಡೋಕೆ ಕಣ್ಣು ತೆರೆದಿದ್ರೂ ನನಗೆ ಬರಲ್ಲ” ಎಂದರು.

ಹೊರಗಡೆ ಬೆಂಚಿನ ಮೇಲೆ ಕೂತು ಪಿಳ್ಳಪ್ಪನವರು ತಮ್ಮ ಕಥೆ ಹೇಳಿದರು. ಅವರದು ದ್ರಾಕ್ಷಿ ತೋಟ. ಬಡಾವಣೆ ಮಾಡಲಿಕ್ಕೆ ತೋಟ ಹೋಯಿತು. ಭಾಮೈದ ರಾಮಾಂಜಿನಪ್ಪ ಪಳಗಿದ ಡ್ರೈವರು. ‘ಭಾವ, ಕಾರು ನೀನು ತಗೋ, ಕಲಿಸೋದು ನನಗೆ ಬಿಡು’ ಎಂದ. ಸ್ಕೂಲಿನ ಲೈಸೆನ್ಸು ಅವನ ಹೆಸರಿನಲ್ಲೇ ಆಯಿತು. ಬೋರ್ಡಿನ ಬಣ್ಣ ಒಣಗುವ ಮೊದಲೇ ಅವನು ಬೊಂಬಾಯಿ ಲಾರಿ ಹತ್ತಿ ಹೋದ. ಅಷ್ಟು ಹೊತ್ತಿಗೆ ಸೇರಿಕೊಂಡಿದ್ದ ಶಿಷ್ಯರಿಗೆ ಇಲ್ಲವೆನ್ನಲಾರದೆ ಪಿಳ್ಳಪ್ಪನವರು ಎಡಗಡೆ ಹತ್ತಿ ಕೂತರು, ರಾಮಾಂಜಿನಪ್ಪ ಹೇಳುತ್ತಿದ್ದುದನ್ನು ಕೇಳಿದ್ದಷ್ಟು ಹೇಳಿದರು. ಶಿಷ್ಯರು ಕಲಿತೇಬಿಟ್ಟರು!

“ನೀವ್ಯಾಕ ಕಲೀಲಿಲ್ಲ?” ಎಂದೆ.

“ಒಂದ್ ದಪ ಕುಂತಿದ್ದೆ. ಶೆಡ್ನಾಗೇ. ಬಲಗಾಲು ಮಡಗಿದ್ದಷ್ಟೇ ಗೊತ್ತು. ಇಂದ್ಗಡೆ ತಗಡು ಕಿತ್ಕೊಂಡು ಓಗಿ ನಮ್ಮಾಕೆ ಒಣಗಾಕಿದ್ದ ಅಪ್ಪಳದ ಮ್ಯಾಗೆ ನಿಂತಿತ್ತು. ಮುಂದಕ್ಕೋ ಇಂದಕ್ಕೋ ಅಂತ ನಂಗೇ ತಿಳೀನಿಲ್ಲ. ಅವತ್ತಿಂದ ಆ ಕಡೆ ಕುಂತ್ರೆ ಬಲಗಾಲು ನಡುಗ್ತದೆ.” ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, “ಯಾರ್ಗೂ ಏಳ್ಬ್ಯಾಡಿ ಮೇಡಮ್ಮೋರೆ. ಈ ಇಸ್ಯ ನಿಮ್ಗೊಬ್ರಿಗೇ ಗೊತ್ತಿರಾದು. ನಮ್ಮನೆಯಾಕೆಗೂ ಗೊತ್ತಿಲ್ಲ” ಎಂದರು.

ನಾನು ದೇವರ ಮೇಲೆ ಆಣೆಯಿಟ್ಟಂತೆ ಗಂಭೀರವಾಗಿ ಮಾತು ಕೊಟ್ಟೆ. ಇಡೀ ಹೆಬ್ಬಾಳದ ಗುಟ್ಟು ನನ್ನ ಹೊಟ್ಟೆಯಲ್ಲಿದೆ ಎಂದು ಆಮೇಲೆ ನನಗೆ ಸ್ವಲ್ಪ ಜಂಬವೂ ಬಂತು. ನಮ್ಮವರಿಗೂ ಹೇಳಲಿಲ್ಲ. ಅವರಿಗೆ ಹೇಳಿದ್ದರೆ ನನ್ನನ್ನು ಆ ಕಾರು ಹತ್ತಲು ಬಿಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಲೈಸೆನ್ಸು ಬಂತು. ಫಿಯೆಟ್ ಬರಲಿಲ್ಲ. ವರ್ಷಗಳು ಹೋದವು. ಎಂಬತ್ತರ ದಶಕದಲ್ಲಿ ಅದು ನಿಜವಾಗಿಯೂ ಬಂದು ಮನೆ ಮುಂದೆ ನಿಂತಾಗ ನಾನು ಡ್ರೈವಿಂಗನ್ನು ಪೂರ್ತಿ ಮರೆತಿದ್ದೆ. ಅತ್ತೆ ಆರತಿ ಎತ್ತಿದರು. ನಮ್ಮವರು ದೂರದಿಂದ ಕೈಮುಗಿದರು. ಮತ್ತೆ ಕೋಳಿ ಕಾರಿಗೆ ಹೋಗಿ ಒಂದನೇ ಕ್ಲಾಸಿನಿಂದ ಕಲಿತೆ. ಹೀಗೆ ಒಂದೇ ಪರೀಕ್ಷೆಗೆ ಎರಡು ಸಲ ಓದಿದ ಶಿಷ್ಯೆ ನಾನೊಬ್ಬಳೇ. ಅಷ್ಟರಲ್ಲಿ ಪಿಳ್ಳಪ್ಪನವರ ತಲೆ ಬೆಳ್ಳಗಾಗಿತ್ತು. ಮಂಡಿ ನೋಯುತ್ತಿತ್ತು. ನಮ್ಮಂಥವರನ್ನು ತಡೆದು ನಿಲ್ಲಿಸಿದ ಮಂಡಿ, ನೋಯದೆ ಇನ್ನೇನಾದೀತು. ಒಂದು ಬೇಸಿಗೆಯಲ್ಲಿ ಅವರು ಸ್ಕೂಲು ಮುಚ್ಚುತ್ತೇನೆಂದರು.

ಶಿಷ್ಯರೆಲ್ಲ ಸೇರಿ ಹೆಬ್ಬಾಳದ ಒಂದು ಛತ್ರದಲ್ಲಿ ಸನ್ಮಾನ ಇಟ್ಟುಕೊಂಡೆವು. ಛತ್ರ ತುಂಬಿತು. ಬಸ್ ಡ್ರೈವರುಗಳು, ಟ್ಯಾಕ್ಸಿಯವರು, ಟೀಚರುಗಳು, ರಿಟೈರಾದ ಒಬ್ಬ ಪೊಲೀಸು. ಸಿಟಿ ಬಸ್ಸಿನ ನಂಜೇಗೌಡ ಓಡಾಡಿ ಹಣ್ಣಾಗಿದ್ದ. ಸಂಜಯನಗರದ ರಾಯರು, ಅಂದರೆ ಜ್ವರವೆಂದು ಮಲಗಿದ್ದ ಅದೇ ಶಿಷ್ಯರು, ಈಗ ಔಷಧಿ ಅಂಗಡಿ ಇಟ್ಟಿದ್ದವರು, ಶಾಲು ತಂದಿದ್ದರು. ವಿದ್ಯಾರಣ್ಯಪುರದಿಂದ ಫಿಲೋಮಿನಾ ಟೀಚರು ಪ್ರಾರ್ಥನೆ ಹಾಡಲು ಬಂದಿದ್ದರು. ಅಂಬಾಸಡರಿಗೆ ಹೊಸ ಬಿಳಿ ಬಣ್ಣ ಹೊಡೆಸಿ, ಸೇವಂತಿಗೆ ಹಾರ ಹಾಕಿ ಬಾಗಿಲಲ್ಲಿ ನಿಲ್ಲಿಸಿದ್ದೆವು. ಪಿಳ್ಳಪ್ಪನವರ ಹೆಂಡತಿ ಗೌರಮ್ಮ ರೇಷ್ಮೆ ಸೀರೆಯುಟ್ಟು ವೇದಿಕೆಯ ಮೇಲೆ ಕೂತಿದ್ದರು. ಆಕೆ ಮಾತು ಕಡಿಮೆಯ ಹೆಂಗಸು.

ಎಲ್ಲ ಸರಿಯಿತ್ತು. ಕೆಟ್ಟದ್ದು ಮುಖ್ಯ ಅತಿಥಿಯಿಂದ. ಊರಿನ ಮುಖಂಡರೆಂದು ಕರೆದಿದ್ದೆವು. ಅವರು ಪಿಳ್ಳಪ್ಪನವರ ಶಿಷ್ಯರಲ್ಲ. “ಇವರು ಡ್ರೈವರುಗಳ ಡ್ರೈವರು! ನಮ್ಮ ಭಾಗದ ಸಾರಥಿ!” ಎಂದು ಬಹಳ ಹೊತ್ತು ಹೊಗಳಿ, ಕೊನೆಗೆ ಮೈಕು ಬಿಗಿಯಾಗಿ ಹಿಡಿದು ಘೋಷಿಸಿದರು: “ಇವತ್ತು ನಮ್ಮ ಸಾರಥಿಗಳು ಧರ್ಮಪತ್ನಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದೇ ಕಾರನ್ನು ತಾವೇ ಓಡಿಸಿಕೊಂಡು ಮನೆಗೆ ಹೋಗಬೇಕು. ನಾವೆಲ್ಲ ಹಿಂದೆ ಮೆರವಣಿಗೆ!”

ಚಪ್ಪಾಳೆ ಬೀಳಲಿಲ್ಲ. ಇಡೀ ಛತ್ರ ಗಪ್ಪಾಯಿತು. ನನಗೆ ಅದು ವಿಚಿತ್ರವೆನ್ನಿಸಲೂ ಬಿಡುವಿರಲಿಲ್ಲ. ವೇದಿಕೆಯ ಮೇಲೆ ಪಿಳ್ಳಪ್ಪನವರ ಮುಖ ಸೀಮೆಸುಣ್ಣದಂತಾಗಿತ್ತು. ಬಲಗಾಲು ಪಂಚೆಯೊಳಗೇ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಗುಟ್ಟು ಗೊತ್ತಿರುವವಳು ನಾನೊಬ್ಬಳೇ, ನಾನೇ ಏನಾದರೂ ಮಾಡಬೇಕು ಎಂದುಕೊಂಡು ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ. ಕಾರಿನಲ್ಲೇ ಇದ್ದ ಕೀ ಎಳೆದು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಏನೂ ಗೊತ್ತಿಲ್ಲದವಳಂತೆ ಬಂದು ಕೂತೆ. ಬರುವಾಗ ರಾಯರು ಒಂದು ರಬ್ಬರ್ ಪೈಪು ಹಿಡಿದು ಹೊರಗೆ ಹೋಗುತ್ತಿದ್ದರು. ಔಷಧಿ ಅಂಗಡಿಯವರು, ಏನೋ ಇರಬೇಕು ಅಂದುಕೊಂಡೆ.

ಅತಿಥಿಗಳು ಎಲ್ಲರನ್ನೂ ಹೊರಡಿಸಿಕೊಂಡು ಕಾರಿನ ಬಳಿ ಬಂದರು. ಹಾರ ಸರಿಮಾಡಿ, “ಎಲ್ಲಿ, ಕೀ?” ಎಂದರು.

“ಕೀ ಕಾಣ್ತಿಲ್ಲ್ರೀ” ಎಂದೆ ನಾನು.

“ಕೀ ಇದ್ರೂ ಪ್ರಯೋಜನ ಇಲ್ಲ ಸಾರ್, ಪೆಟ್ರೋಲ್ ಖಾಲಿ” ಎಂದರು ರಾಯರು. ಅವರ ಬೆನ್ನ ಹಿಂದೆ ಒಂದು ಡಬ್ಬ ಇತ್ತು.

“ಪೆಟ್ರೋಲ್ ಇದ್ರೂ ಆಗಲ್ಲ ಸಾರ್,” ನಂಜೇಗೌಡ ಮುಂದೆ ಬಂದ. “ಡಿಸ್ಟ್ರಿಬ್ಯೂಟರ್ ಒಳಗಡೆ ರೋಟರ್ರೇ ಇಲ್ಲ. ಯಾರೋ ಕಳ್ಳರು ಬಿಚ್ಕೊಂಡು ಹೋಗವ್ರೆ.” ಅವನ ಖಾಕಿ ಅಂಗಿಯ ಜೇಬು ಉಬ್ಬಿಕೊಂಡಿತ್ತು.

“ಬ್ಯಾಟರಿನೂ ಸತ್ತೋಗಿದೆ,” ಎಂದರು ಫಿಲೋಮಿನಾ ಟೀಚರು. ಅವರ ಎರಡೂ ಕೈ ಮಸಿಯಾಗಿತ್ತು. ಪ್ರಾರ್ಥನೆಗೆ ಬಂದಾಗ ಚೊಕ್ಕವಾಗಿತ್ತು.

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಾಯರು ನನ್ನ ಕಿವಿಯ ಹತ್ತಿರ ಬಂದು, “ಮೇಡಂ... ನಿಮಗೂ ಗೊತ್ತಾ?” ಎಂದರು. “ನಿಮಗ್ಯಾರು ಹೇಳಿದ್ರು?” ಎಂದೆ. “ಅವರೇ. ನಿಮಗೊಬ್ರಿಗೇ ಗೊತ್ತಿರಾದು, ಯಾರ್ಗೂ ಏಳ್ಬ್ಯಾಡಿ ಅಂದಿದ್ರು.” ನಂಜೇಗೌಡನಿಗೂ ಹಾಗೇ ಹೇಳಿದ್ದರಂತೆ. ಟೀಚರಿಗೂ. ತಿರುಗಿ ನೋಡುತ್ತೇನೆ, ಇಡೀ ಗುಂಪು ಅದೇ ಪಿಸುಮಾತಿನಲ್ಲಿ ಮುಳುಗಿದೆ. “ಲೇ, ನಿಂಗೂ ಗೊತ್ತೇನೋ?” “ಕಾಲಿಗೆ ಏಟಾಗಿ ಆಸ್ಪತ್ರೆಗೆ ಹೋದಾಗ ಗೊತ್ತಾಯ್ತು ಗುರು.” “ನನಗೆ ಫಿಟ್ಸ್ ಬಂದಾಗ ಕಣ್ರೀ.” ಒಬ್ಬೊಬ್ಬರಿಗೂ ಒಂದೊಂದು ಜೇನುಹುಳ ಕಚ್ಚಿತ್ತು. ಒಬ್ಬೊಬ್ಬರೂ ತಾನೊಬ್ಬನೇ ಎಂದುಕೊಂಡು ವರ್ಷಗಟ್ಟಲೆ ಬಾಯಿ ಹೊಲಿದುಕೊಂಡಿದ್ದರು. ರಿಟೈರಾದ ಪೊಲೀಸಿನವರೂ ಸುಮ್ಮನೆ ಮೀಸೆ ತಿರುವಿದರು.

ಪಿಳ್ಳಪ್ಪನವರು ನಮ್ಮನ್ನೆಲ್ಲ ಒಮ್ಮೆ ನೋಡಿದರು. ರಾಯರ ಡಬ್ಬ ನೋಡಿದರು, ಗೌಡನ ಜೇಬು ನೋಡಿದರು, ಟೀಚರ ಮಸಿಗೈ ನೋಡಿದರು. ಅವರಿಗೆ ಅರ್ಥವಾಯಿತು. ಹೆಗಲ ಮೇಲಿನ ಜರತಾರಿ ಶಾಲಿನಿಂದ, ಅದು ಟವೆಲೆಂದೇ ತಿಳಿದು, ಮುಖವನ್ನು ಚೆನ್ನಾಗಿ ಒರೆಸಿಕೊಂಡರು. ಕಣ್ಣನ್ನೂ.

ಅರ್ಥವಾಗದವರು ಮುಖ್ಯ ಅತಿಥಿಗಳು ಮಾತ್ರ. ಅವರಿಗೆ ಆ ದಿನ ಹಿಂದೆ ಸರಿಯುವ ಯೋಚನೆಯೇ ಇರಲಿಲ್ಲ. “ಇಂಜಿನ್ ಇಲ್ದಿದ್ರೆ ಏನಂತೆ, ಶಿಷ್ಯರಿಲ್ವಾ? ತಳ್ಳೋಣ!” ಎಂದು ಕೂಗಿದರು.

ಪಿಳ್ಳಪ್ಪನವರು ರೂಢಿಯಂತೆ ಎಡಗಡೆಯ ಬಾಗಿಲು ತೆಗೆದರು. ಅಲ್ಲಿ ಗೌರಮ್ಮ ಆಗಲೇ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. “ಇದು ನನ್ನ ಜಾಗ. ನೀವು ಆ ಕಡೆ” ಎಂದರು. ಬೇರೆ ಮಾತಿಲ್ಲ. ಮೇಷ್ಟ್ರು ಕಾರನ್ನು ಬಳಸಿಕೊಂಡು ಬಂದು, ಬಲಗಡೆಯ ಬಾಗಿಲನ್ನು ಬೇರೆ ಯಾರದೋ ಮನೆಯ ಬಾಗಿಲಿನಂತೆ ಮೆಲ್ಲಗೆ ತೆಗೆದು, ಒಳಗೆ ಕೂತರು.

ಮುಂದೆ ನಾದಸ್ವರ, ಡೋಲು. ಹಿಂದೆ ನಾವು. ಬಸ್ ಡ್ರೈವರುಗಳು ಡಿಕ್ಕಿಗೆ ಭುಜ ಕೊಟ್ಟರು, ಟೀಚರುಗಳು ಮಡ್‌ಗಾರ್ಡಿಗೆ ಕೈ ಕೊಟ್ಟರು. ನಮ್ಮವರೂ ತಳ್ಳಿದರು. ಕಾರಿನೊಂದಿಗೆ ಅವರ ಹತ್ತಿರದ ಸಂಬಂಧ ಅದೊಂದೇ. ಹಳೇ ಊರಿನ ಕಡೆ ತಿರುಗುವಲ್ಲಿ ಇಳಿಜಾರಿದೆ ಎಂಬುದನ್ನು ಭಕ್ತಿಯ ಭರದಲ್ಲಿ ಎಲ್ಲರೂ ಮರೆತಿದ್ದೆವು. ಕಾರು ನಮ್ಮ ಕೈ ಬಿಡಿಸಿಕೊಂಡು ತಾನೇ ಹೊರಟಿತು. ನಾವು ಹಿಂದೆ ಓಡಿದೆವು. ಮುಂದಿದ್ದ ಡೋಲಿನವರು ತಿರುಗಿ ನೋಡಿ, ಬಾರಿಸುತ್ತಲೇ ಓಡಿದರು. ನಾದಸ್ವರದವರು ಒಂದೇ ಸ್ವರ ಹಿಡಿದುಕೊಂಡು ಓಡಿದರು. ಮುಖ್ಯ ಅತಿಥಿಗಳು ಎಲ್ಲರಿಗಿಂತ ಮುಂದೆ ಓಡುತ್ತಾ, “ನಿಧಾನ ಸಾರಥಿ! ನಿಧಾನ!” ಎನ್ನುತ್ತಿದ್ದರು.

ಪಿಳ್ಳಪ್ಪನವರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಗುಂಡಿ ತಪ್ಪಿಸಿದರು, ಒಂದು ಮೇಕೆಯನ್ನು ತಪ್ಪಿಸಿದರು. ಡೋಲಿನವರಿಗೂ ಕಾರಿಗೂ ಒಂದು ಗೇಣು ಉಳಿದಾಗ ಬ್ರೇಕು ಒತ್ತಿದರು. ಕಾರು ಹಾರದ ಹೂವೊಂದೂ ಉದುರದಂತೆ ಅವರ ಮನೆಯ ಬಾಗಿಲ ರಂಗೋಲಿಯ ಮುಂದೆ ನಿಂತಿತು. ಏದುಸಿರು ಬಿಡುತ್ತಿದ್ದ ಅತಿಥಿಗಳು, “ನೋಡ್ರಪ್ಪ! ಅನುಭವ ಅಂದ್ರೆ ಇದು!” ಎಂದರು. ಆಗ ಬಿದ್ದಂಥ ಚಪ್ಪಾಳೆಯನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ.

ಪಾಯಸ ಬಡಿಸುವಾಗ ಗೌರಮ್ಮ ನನ್ನ ಬಳಿ ಬಂದು ನಿಂತರು. “ಕೀ ಕೊಡಿ ಮೇಡಮ್ಮೋರೆ” ಎಂದರು.

ನಾನು ತಡವರಿಸುತ್ತಾ ಬ್ಯಾಗು ತೆಗೆದೆ. “ನಿಮಗೂ...?”

“ಅಪ್ಪಳದ ಮ್ಯಾಗೆ ಕಾರು ನಿಲ್ಸಿದ್ದನ್ನ ನೋಡಿದೋಳು ನಾನೇ ಅಲ್ವಾ?” ಎಂದು ಆಕೆ ಪಾಯಸ ಇನ್ನೊಂದು ಸೌಟು ಹಾಕಿದರು. “ನಂಗೆ ಗೊತ್ತಿಲ್ಲ ಅಂದ್ಕೊಂಡು ಖುಷಿಯಾಗವ್ರೆ. ಇರ್ಲಿ ಬಿಡಿ.”

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಪಿಳ್ಳಪ್ಪನವರು ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಪಂಚೆಯ ಬದಲು ಪ್ಯಾಂಟು, ಕೈಯಲ್ಲಿ ತಟ್ಟೆ ತುಂಬ ಹಣ್ಣು, ವೀಳ್ಯದೆಲೆ. “ನಂಗೆ ಕಲಿಸ್ಕೊಡಿ ಮೇಡಮ್ಮೋರೆ” ಎಂದರು. “ಆ ಇಳಿಜಾರ್ನಾಗೆ ಆ ಕಡೆ ಕುಂತಿದ್ದೆ ನೋಡಿ. ಬಲಗಾಲು ನಡುಗ್ನಿಲ್ಲ.”

ಅಂಬಾಸಡರನ್ನು ಅಷ್ಟರಲ್ಲಿ ನಂಜೇಗೌಡ ಇಟ್ಟುಕೊಂಡಾಗಿತ್ತು. ನನ್ನ ಫಿಯೆಟ್ಟಿನಲ್ಲಿ ಪಾಠ ಶುರುವಾಯಿತು. ಅದರಲ್ಲಿ ಎಡಗಡೆ ಬ್ರೇಕಿರಲಿಲ್ಲ, ದೇವರಿದ್ದ. ಆರ್.ಟಿ. ನಗರದ ಮೈದಾನದಲ್ಲಿ ಅವರು ಮೊದಲ ಸಲ ಆಕ್ಸಿಲರೇಟರ್ ಒತ್ತಿದರು. ಕಾರು ಒಂದು ಮಾರು ಹೋಗಿ ನಿಂತಿತು. ಅವರು ಬೆರಗಾಗಿ ನನ್ನ ಕಡೆ ತಿರುಗಿದರು.

“ಇದು ಓಗ್ತದಲ್ಲ ಮೇಡಮ್ಮೋರೆ!”

ಹೌದ್ರೀ, ಹೋಗ್ತದ ಎಂದೆ. ಹೀಗೇ ಮಾರು ಮಾರಾಗಿ ಇಡೀ ಮೈದಾನ ದಾಟಿದೆವು. ಅವರಂಥ ಕೆಟ್ಟ ಶಿಷ್ಯನನ್ನು ನಾನು ಕಾಲೇಜಿನಲ್ಲೂ ಕಂಡಿರಲಿಲ್ಲ. ನಾನು ‘ಎಡಕ್ಕೆ’ ಎಂದರೆ, “ಅಂಗೆ ಏಳ್ಬಾರ್ದು, ಮದ್ಲು ಕನ್ನಡಿ ನೋಡಿ ಅನ್ಬೇಕು” ಎಂದು ನನಗೇ ತಿದ್ದುತ್ತಿದ್ದರು. ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದರು. ಪಕ್ಕದಲ್ಲಿ ಕೂತ ಇನ್‌ಸ್ಪೆಕ್ಟರ್ ಸಾಹೇಬರು ಕಿಟಕಿಯಿಂದ ಕೈ ಹೊರಗಿಟ್ಟಿದ್ದರಂತೆ. ಇವರು ಕಾರು ನಿಲ್ಲಿಸಿ, ಅವರು ಕೈ ಒಳಗಿಡುವ ತನಕ ಮುಂದೆ ಹೋಗಲಿಲ್ಲವಂತೆ. ಎರಡನೇ ಸಲ ಸಾಹೇಬರು ಕೈ ಒಳಗಿಟ್ಟುಕೊಂಡೇ ಹತ್ತಿದರು. ಲೈಸೆನ್ಸು ಸಿಕ್ಕಿತು. ಪಾಸಾದವರು ಯಾರು ಎಂಬ ಬಗ್ಗೆ ನನಗೆ ಇನ್ನೂ ಅನುಮಾನವಿದೆ.

ಲೈಸೆನ್ಸು ಬಂದ ವಾರವೇ ಅವರು ಗೌರಮ್ಮನನ್ನು ಯಲಹಂಕದ ಆಕೆಯ ತಂಗಿಯ ಮನೆಗೆ ಕರೆದುಕೊಂಡು ಹೋಗಲು ನನ್ನ ಕಾರು ಕೇಳಿದರು. ಧೈರ್ಯಕ್ಕೆ ನಾನೂ ಇರಬೇಕೆಂದರು. ನಾನು ಹಿಂದೆ ಕೂತೆ, ಗೌರಮ್ಮ ಮುಂದೆ. ಬಳ್ಳಾರಿ ರಸ್ತೆಯಲ್ಲಿ ನಮ್ಮನ್ನು ಬಸ್ಸುಗಳು ದಾಟಿದವು, ಸೈಕಲ್ಲುಗಳು ದಾಟಿದವು, ಒಂದು ಎತ್ತಿನ ಗಾಡಿ ಬಹಳ ಹೊತ್ತು ಪಕ್ಕದಲ್ಲೇ ಬಂದು ಆಮೇಲೆ ಬೇಸತ್ತು ದಾಟಿತು. ಆದರೆ ಮೇಷ್ಟ್ರು ತಾವೇ ಓಡಿಸಿದರು, ಹೆಬ್ಬಾಳದಿಂದ ಯಲಹಂಕದ ತನಕ. ತಂಗಿಯ ಮನೆ ಮುಂದೆ ನಿಲ್ಲಿಸಿ, ಬೆವರು ಒರೆಸಿಕೊಂಡು, ಹೆಂಡತಿಯ ಕಡೆ ನೋಡಿದರು.

“ಎಂಗಿತ್ತು?”

ಗೌರಮ್ಮ ಸೆರಗು ಸರಿಮಾಡಿಕೊಂಡು, “ವಾಪಸ್ ಬಸ್ನಾಗೆ ಓಗಾನ” ಎಂದರು.

ಪಿಳ್ಳಪ್ಪನವರ ಮುಖ ಇಳಿದುಹೋಯಿತು. “ಯಾಕೆ? ಎದ್ರಿಕೆ ಆಯ್ತಾ?”

“ಎದ್ರಿಕೆ ಅಲ್ಲ ಕಣ್ರೀ. ಕಾರ್ನಾಗೆ ಓದಾಗೆಲ್ಲ ನಮ್ ಜೊತೆ ಯಾರಾದ್ರೂ ಒಬ್ರು ಇದ್ದೇ ಇರ್ತಾರೆ. ನನ್ ತಮ್ಮನ ಮದುವೆಗೆ ಓದಾಗ್ಲೂ ಅಷ್ಟೇ, ತಿರುಪ್ತಿಗೆ ಓದಾಗ್ಲೂ ಅಷ್ಟೇ. ಇವತ್ತೂ ನೋಡಿ, ಮೇಡಮ್ಮೋರು ಕುಂತವ್ರೆ. ನಾವಿಬ್ರೇ ಅಂತ ಎಲ್ಲಿಗಾದ್ರೂ ಓಗಿದ್ದೀವಾ, ಏಳಿ?”

ಮೇಷ್ಟ್ರು ಎಣಿಸಲೆಂದು ಬೆರಳು ಎತ್ತಿದರು, ಒಂದೂ ಮಡಚಲಿಲ್ಲ. ನೆನಪು ಮಾಡಿಕೊಳ್ಳಲು ಮಾಡಿದ ಪ್ರಯತ್ನ ಮುಖದ ಮೇಲೆ ಕಾಣುತ್ತಿತ್ತು. ಆಮೇಲೆ ತಿರುಗಿ ನನಗೆ ಕೀ ಚಾಚಿ, “ತಪ್ ತಿಳ್ಕೊಬ್ಯಾಡಿ ಮೇಡಮ್ಮೋರೆ” ಎಂದರು.

ತಂಗಿಯ ಮನೆಯಲ್ಲಿ ಕಾಫಿ ಕುಡಿದು, ಸಂಜೆ ನಾನೊಬ್ಬಳೇ ಕಾರು ತೆಗೆದುಕೊಂಡು ಹೊರಟೆ. ರಸ್ತೆ ದಾಟಲು ದನಗಳ ಹಿಂಡೊಂದು ಅಡ್ಡ ಬಂದದ್ದರಿಂದ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಎದುರಿಗೆ ಬಸ್ ಸ್ಟಾಪಿನಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತಿದ್ದರು. ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಮಾತು ಕಡಿಮೆಯ ಗೌರಮ್ಮ ಏನೋ ಹೇಳುತ್ತಿದ್ದರು, ಮೇಷ್ಟ್ರು ತಲೆ ಬಗ್ಗಿಸಿ ಕೇಳುತ್ತಾ ಕಡಲೆ ಸುಲಿದು ಆಕೆಯ ಕೈಗೆ ಹಾಕುತ್ತಿದ್ದರು. ಅಷ್ಟರಲ್ಲಿ ಶಿವಾಜಿನಗರದ ಬಸ್ಸು ಬಂತು. ಖಾಲಿಯಾಗಿಯೇ ಇತ್ತು. ಕಂಡಕ್ಟರು ಬಾಗಿಲಲ್ಲಿ ನಿಂತು ‘ಹೆಬ್ಬಾಳ, ಹೆಬ್ಬಾಳ’ ಎಂದು ಕೂಗಿದ. ಅವರಿಬ್ಬರೂ ಹತ್ತಲಿಲ್ಲ.